ಕುರ್ಚಿಯ ಎಡತೋಳು

ಹಳದಿ ಚೀಟಿಗಳ ಕಟ್ಟು ಬೆಳಿಗ್ಗೆ ಮೇಜಿನ ಮೇಲೆ ಬಂದು ಕೂತಾಗಿನಿಂದ ಹಿಲ್ಡಾಳಿಗೆ ತನ್ನ ಕೈಯಲ್ಲಿ ಧೂಳುಬಟ್ಟೆ ಯಾಕಿದೆ ಎಂಬುದೇ ಮರೆತುಹೋಗುತ್ತಿತ್ತು. ಒರೆಸಿದ ಗಡಿಯಾರವನ್ನೇ ಮತ್ತೆ ಒರೆಸಿದಳು. ಕಡ್ಡಿ ಮುರಿದ ಕೊಡೆ, ಹಕ್ಕಿಯಿಲ್ಲದ ಪಂಜರ, ಮುಚ್ಚಳ ಕಳೆದುಹೋದ ಕಂದು ಚಹಾ ಪಾತ್ರೆ, ದಾರದ ತುಂಡುಗಳು ತುಂಬಿದ ಗಾಜಿನ ಭರಣಿ, ಹೀಗೆ ಎವರಾರ್ಡ್ ಲಿಸ್ಕ್ ಎಂಬ ಪತ್ತೇದಾರನ ಸಾಮಾನುಗಳನ್ನು ಅವಳು ಹನ್ನೊಂದು ವರ್ಷಗಳಿಂದ ದಿನವೂ ಮುಟ್ಟುತ್ತ ಬಂದಿದ್ದಳು. ಲಿಸ್ಕ್ ಹುಟ್ಟಿದವನೂ ಅಲ್ಲ, ಸತ್ತವನೂ ಅಲ್ಲ. ಇಪ್ಪತ್ತಮೂರು ಕಾದಂಬರಿಗಳ ಒಳಗೆ ಮಾತ್ರ ಓಡಾಡಿದವನು. ಆದರೂ ಲಂಡನ್ನಿನ ಹೋಬರ್ನ್ ಬೀದಿಯ ಹಿಂದಿನ ಓಣಿಯಲ್ಲಿ, ಈ ಮನೆಯ ಮೊದಲ ಮಹಡಿಯಲ್ಲಿ, ಜನ ಟಿಕೇಟು ಕೊಂಡು ಬಂದು ನೋಡುವ ಅವನದೊಂದು ಕೋಣೆ ಇತ್ತು. ಹಿಲ್ಡಾ ದಿನವೂ ಅವನ ಬಟ್ಟಲಿಗೆ ಅರ್ಧ ಚಹಾ ಸುರಿಯುತ್ತಿದ್ದಳು, ಯಾಕೆಂದರೆ ಲಿಸ್ಕ್ ಯಾವ ಪುಸ್ತಕದಲ್ಲಿಯೂ ಬಟ್ಟಲು ಖಾಲಿ ಮಾಡಿದವನಲ್ಲ. ಸೋಮವಾರಕ್ಕೊಮ್ಮೆ ತಟ್ಟೆಯಲ್ಲಿನ ಟೋಸ್ಟ್ ಬದಲಾಯಿಸಿ, ಹೊಸ ತುಂಡನ್ನು ತಾನೇ ಒಂದು ಸಲ ಕಚ್ಚಿ ಇಡುತ್ತಿದ್ದಳು. ಜನ ಹಗ್ಗದಾಚೆ ನಿಂತು, ಬಾಗಿ, ಆ ಹಲ್ಲಿನ ಗುರುತನ್ನು ಬಹಳ ಹೊತ್ತು ನೋಡುತ್ತಿದ್ದರು. ಒಂದು ಸಲ ಯಾರೋ ದಂತವೈದ್ಯರು ಲಿಸ್ಕನ ಮೇಲಿನ ಹಲ್ಲೊಂದು ಓರೆ ಎಂದು ಹೆಂಡತಿಗೆ ತೋರಿಸಿಕೊಟ್ಟಾಗ, ಹಿಲ್ಡಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಆ ದಿನ ಕಳೆದಿದ್ದಳು.

ಇವತ್ತು ನಗು ಬರುವಂತಿರಲಿಲ್ಲ. ಮಾರ್ಚಿನ ಮೊದಲ ಶುಕ್ರವಾರ ತಾಳೆ ನೋಡುವ ದಿನ. ಈ ಕೋಣೆಯನ್ನು ನಡೆಸುವ ಅಭಿಮಾನಿಗಳ ಲಿಸ್ಕ್ ಬಳಗದ ಹನ್ನೆರಡು ಮಂದಿ ಸದಸ್ಯರು ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾರೆ. ಒಬ್ಬರು ಒಂದು ಸಾಲು ಓದುತ್ತಾರೆ, ಇನ್ನೊಬ್ಬರು ಆ ವಸ್ತುವಿನ ಕಡೆ ಬೆರಳು ತೋರುತ್ತಾರೆ, ಕಾರ್ಯದರ್ಶಿ ಓಕ್‌ಶಾಟ್ "ಇದೆ" ಅನ್ನುತ್ತಾರೆ. ಸಾಲಿಗೆ ಒಪ್ಪದ ವಸ್ತುವಿಗೆ ಹಳದಿ ಚೀಟಿ ಕಟ್ಟಲಾಗುತ್ತದೆ. ಸಂಜೆ ನಾಲ್ಕಕ್ಕೆ ಹಳೇ ಸಾಮಾನಿನವನ ಕುದುರೆ ಗಾಡಿ ಬಂದು ಅದನ್ನು ಒಯ್ಯುತ್ತದೆ. ಹೋದ ವರ್ಷ ಒಂದು ಬೂಟಿನ ಬ್ರಷ್ಷು ಹೋಗಿತ್ತು, ಅದಕ್ಕೂ ಹಿಂದೆ ಒಂದು ಪರದೆ. ಈ ಸಲ ಏನು ಹೋಗುತ್ತದೆಂದು ಹಿಲ್ಡಾಳಿಗೆ ಮಂಗಳವಾರವೇ ಗೊತ್ತಾಗಿತ್ತು. ಓಕ್‌ಶಾಟರ ಹೆಸರಿಗೆ ಬಂದ ಪತ್ರವನ್ನು ಅವರೇ ಅವಳ ಕೈಗೆ ಕೊಟ್ಟು ಓದಿ ಅಂದಿದ್ದರು. ಬಳಗದ ಅತ್ಯಂತ ಹುರುಪಿನ ಸದಸ್ಯ ಡಿಮಕ್ ಬರೆದದ್ದು. ಮೊದಲ ಕಾದಂಬರಿ ಪುಸ್ತಕವಾಗುವ ಮುಂಚೆ ಮಾಸಪತ್ರಿಕೆಯೊಂದರಲ್ಲಿ ಬಂದಿತ್ತಂತೆ, ಆ ಹಳೆಯ ಸಂಚಿಕೆ ಅವನಿಗೆ ಸಿಕ್ಕಿತಂತೆ, ಅದರಲ್ಲಿ ಒಂದು ಮಾತು ಹೆಚ್ಚಿಗೆ ಇದೆಯಂತೆ. ಪುಸ್ತಕದಲ್ಲಿ ಲಿಸ್ಕನ ಕುರ್ಚಿಯ ತೋಳಿನ ಮೇಲೆ ಸಿಗರೇಟು ಸುಟ್ಟ ಗುರುತಿದೆ ಎಂದಷ್ಟೇ ಇದ್ದದ್ದು, ಅಲ್ಲಿ ಬಲತೋಳು ಎಂದು ಸ್ಪಷ್ಟವಾಗಿತ್ತು.

ಕೋಣೆಯ ಕುರ್ಚಿಯ ಗುರುತು ಎಡತೋಳಿನ ಮೇಲಿತ್ತು. ಒಂದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಂಚು ಕಪ್ಪು, ನಡುವೆ ಚರ್ಮ ಒಡೆದು ಒಳಗೆ ತುಂಬಿದ ಕುದುರೆಕೂದಲು ಕಾಣುತ್ತಿತ್ತು. ಹಿಲ್ಡಾ ಬಟ್ಟೆಯನ್ನು ಅದರ ಸುತ್ತ ಆಡಿಸಿ, ಅದರ ಮೇಲೆ ಮಾತ್ರ ಬೆರಳು ಇಡದೆ ಕೈ ಹಿಂತೆಗೆದಳು. ಆ ಗುರುತಿನ ವಯಸ್ಸು ನಲವತ್ತೆಂಟು ವರ್ಷ. ಅವಳಿಗೆ ಆರು ವರ್ಷ, ಮೈತುಂಬ ದಡಾರ, ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ ಮಧ್ಯಾಹ್ನ. ಅಪ್ಪ ಡ್ಯೂಟಿ ಮುಗಿಸಿ ಬಂದವನು ಕಂಡಕ್ಟರನ ಕೋಟು ಬಿಚ್ಚದೆ ಅವಳನ್ನು ಬಲತೋಳಿನಲ್ಲಿ ಎತ್ತಿಕೊಂಡು ಇದೇ ಕುರ್ಚಿಯಲ್ಲಿ ಕೂತ. ಅವಳಿಗೆ ನಿದ್ದೆ ಹತ್ತಿತು. ಅಲುಗಾಡಿದರೆ ಮಗು ಏಳುತ್ತದೆಂದು ಅವನು ಎಡಗೈಯಲ್ಲಿದ್ದ ಸಿಗರೇಟನ್ನು ಆರಿಸಲು ಬಾಗಲಿಲ್ಲ. ಅದು ತಾನಾಗಿ ಸುಟ್ಟು, ಬೆರಳು ಸುಟ್ಟು, ಕೊನೆಗೆ ಚರ್ಮ ಸುಟ್ಟಿತು. ಅಮ್ಮ ಬದುಕಿರುವ ತನಕ ಆ ಗುರುತು ಕಂಡಾಗೆಲ್ಲ ಬೈಯುತ್ತಿದ್ದಳು. ಅಪ್ಪ ಬೈಸಿಕೊಳ್ಳುತ್ತಿದ್ದ, ಯಾಕೆ ಹಾಗಾಯಿತೆಂದು ಹೇಳುತ್ತಿರಲಿಲ್ಲ. ಹಿಲ್ಡಾಳಿಗೆ ಅರ್ಧ ನಿದ್ದೆಯಲ್ಲಿ ಬಂದ ವಾಸನೆ, ಅಲುಗದೆ ಕೂತ ತೋಳು ಮಾತ್ರ ನೆನಪಿತ್ತು; ಉಳಿದದ್ದನ್ನು ದೊಡ್ಡವಳಾದ ಮೇಲೆ ತಾನೇ ಊಹಿಸಿಕೊಂಡಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಪ್ಪ, ಪರ್ಸಿ ಟ್ರಾಂಟರ್, ಬಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಮೂವತ್ತೆಂಟು ವರ್ಷ ನಿಂತವನು. ಅವನಿಗೆ ಮನೆಯಲ್ಲಿ ಬೇಕಿದ್ದದ್ದು ಈ ಒಂದು ಕುರ್ಚಿ. ಮದುವೆಯಾದ ವರ್ಷ ಯಾವುದೋ ಹರಾಜಿನಲ್ಲಿ ಕೊಂಡು, ಭಾನುವಾರ ತನ್ನದೇ ಬಸ್ಸಿನಲ್ಲಿ ಮೆಟ್ಟಿಲ ಹತ್ತಿರ ಇಟ್ಟುಕೊಂಡು ಬಂದಿದ್ದನಂತೆ; ಒಬ್ಬ ಮುದುಕ ಟಿಕೇಟು ತೆಗೆದುಕೊಂಡು ಕೆನ್ನಿಂಗ್ಟನ್ ತನಕ ಅದರಲ್ಲೇ ಕೂತು ಬಂದನಂತೆ. ಯುದ್ಧದ ಬಾಂಬಿಗೆ ಅವರ ಬೀದಿಯ ಅರ್ಧ ಹೋಯಿತು, ಕುರ್ಚಿಗೆ ಏನೂ ಆಗಲಿಲ್ಲ. ಯುದ್ಧ ಮುಗಿದು ಐದನೇ ವರ್ಷ ಅವರಿಗೆ ಕೆನ್ನಿಂಗ್ಟನ್ನಿನಲ್ಲೇ ಬೇರೆ ಎರಡು ಕೋಣೆ ಸಿಕ್ಕಿತು. ಆಗಲೇ ಈ ಮನೆಯಲ್ಲಿ ಲಿಸ್ಕನ ಕೋಣೆ ತಯಾರಾಗುತ್ತಿತ್ತು. ಹಿಲ್ಡಾ ನೆಲ ಒರೆಸುವ ಕೆಲಸಕ್ಕಿದ್ದಳು. ಎಲ್ಲ ಸಿಕ್ಕಿತು ಕುರ್ಚಿ ಒಂದು ಸಿಗಲಿಲ್ಲ, ತೋಳು ಸುಟ್ಟ ಚರ್ಮದ ಕುರ್ಚಿ ಎಲ್ಲಿಂದ ತರಲಿ ಎಂದು ಓಕ್‌ಶಾಟ್ ತಲೆ ಹಿಡಿದುಕೊಂಡು ಕೂತಿದ್ದರು. ನನಗೆ ಗೊತ್ತಿರುವಲ್ಲಿ ಒಂದಿದೆ ಅಂದಳು ಹಿಲ್ಡಾ. ಮಾತು ಬಾಯಿಂದ ಜಾರಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಕಾಣಲಿಲ್ಲ, ಅಥವಾ ಹುಡುಕಲಿಲ್ಲ. ದಾನಿಯ ಹೆಸರು ಬರೆಯುವ ಕಾಗದ ಮುಂದಿಟ್ಟಾಗ ಪೆನ್ನು ತಾನಾಗಿ ನಿಂತಿತು. ಲಿಸ್ಕನಂಥವನ ಕುರ್ಚಿ ಒಬ್ಬ ಬಸ್ ಕಂಡಕ್ಟರನ ಮನೆಯಿಂದ ಬಂದದ್ದೆಂದರೆ ಇವರೆಲ್ಲ ಏನೆಂದಾರು? ನಾರ್ವಿಚ್ಚಿನ ದಿವಂಗತ ವಕೀಲ ಹಾಲಿಸ್ ಆಂಬ್ರಿಯವರ ಮನೆತನ ಎಂದು ಬರೆದಳು. ಮುಂದಿನ ವಾರ ಓಕ್‌ಶಾಟ್ ಅವಳ ಕೈಗೆ ಕೀಲಿಕೈ ಗೊಂಚಲು ಕೊಟ್ಟು ಇನ್ನು ಮುಂದೆ ನೀವು ನೆಲ ಒರೆಸಬೇಕಾಗಿಲ್ಲ ಮಿಸ್ ಟ್ರಾಂಟರ್, ಕೋಣೆ ನಿಮ್ಮ ಸುಪರ್ದಿಗೆ ಎಂದರು. ಮನೆಗೆ ಹೋಗಿ ಅಪ್ಪನಿಗೆ, ಸಾಮಾನು ಸಾಗಿಸುವವರು ಕುರ್ಚಿಗೆ ಹುಳ ಬಿದ್ದಿದೆ ಅಂದರು, ಸುಟ್ಟುಬಿಟ್ಟರು, ಎಂದಳು. ಅಪ್ಪ "ಹೌದಾ" ಅಂದ. ಆಮೇಲೆ, "ಕಾಲು ನಾಲ್ಕೂ ಗಟ್ಟಿಯಾಗಿತ್ತಲ್ಲ" ಅಂದ. ಅಷ್ಟೇ. ಅಡಿಗೆಮನೆಯ ನೆಟ್ಟನೆಯ ಕುರ್ಚಿಗೆ ಒಂದು ದಿಂಬು ಹಾಕಿಕೊಂಡ. ಸೊಂಟ ನೋಯುತ್ತದೆಯೇ ಎಂದು ಅವಳು ಕೇಳಿದಾಗೆಲ್ಲ, ಮೂವತ್ತೆಂಟು ವರ್ಷ ಈ ದಿಂಬೂ ಇರಲಿಲ್ಲ ಎನ್ನುತ್ತಿದ್ದ.

ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳಿಸಿತು. ಹಿಲ್ಡಾ ಹಗ್ಗ ಬಿಚ್ಚಿ ಗೋಡೆಗೆ ಒತ್ತಿಕೊಂಡು ನಿಂತಳು. ಕೊಡೆ ಇದೆ. ಪಂಜರ ಇದೆ. ಭರಣಿಯ ದಾರದ ತುಂಡುಗಳನ್ನು ಎಣಿಸಿದರು, ಇದೆ. ಟೋಸ್ಟ್ ಸ್ವಲ್ಪ ಹೆಚ್ಚು ಕಂದಾಗಿದೆಯೇನೋ ಎಂದು ಯಾರೋ ಅಂದದ್ದಕ್ಕೆ ಇನ್ನೊಬ್ಬರು ಆರನೇ ಪುಸ್ತಕದ ಪುಟ ತೆಗೆದು ತೋರಿಸಿದರು. ಅವರೆಲ್ಲರ ಮುಖದಲ್ಲಿ ಮಕ್ಕಳು ಆಟದಲ್ಲಿ ತೋರುವ ಗಂಭೀರತೆ ಇತ್ತು. ಇಷ್ಟು ವರ್ಷ ಅದನ್ನು ನೋಡಿ ಹಿಲ್ಡಾಳಿಗೆ ಅವರ ಮೇಲೆ ಒಂದು ಬಗೆಯ ಮಮತೆಯೇ ಬೆಳೆದಿತ್ತು. ಇವತ್ತು ಅದೇ ಗಂಭೀರತೆ ಕುರ್ಚಿಯ ಕಡೆ ನಡೆದುಬರುತ್ತಿತ್ತು. ಡಿಮಕ್, ಮೂವತ್ತೈದರ ಸಪೂರ ಮನುಷ್ಯ, ಕತ್ತಿಗೆ ಉದ್ದನೆಯ ಹಸಿರು ಮಫ್ಲರ್, ಪತ್ರಿಕೆಯ ಹಳೆಯ ಹಾಳೆಯನ್ನು ಎರಡು ಗಾಜಿನ ನಡುವೆ ಇಟ್ಟು ತಂದಿದ್ದ. ಓದಿದ. ಮತ್ತೊಂದು ಸಲ ಓದು ಅಂದರು, ಓದಿದ.

"ಲಿಸ್ಕನ ಎಡಗೈಲಿ ಯಾವಾಗಲೂ ಪೆನ್ಸಿಲ್ಲು," ಎಂದ ಡಿಮಕ್. "ಸಿಗರೇಟು ಬಲಗೈಲೇ. ಎಡತೋಳು ಸುಡೋ ಹಾಗೆ ಇದರಲ್ಲಿ ಕೂತವನು ಯಾರೋ ಬೇರೆಯವನು."

ಯಾರೋ ಬೇರೆಯವನು. ಹಿಲ್ಡಾಳ ಕಿವಿ ಬಿಸಿಯಾಯಿತು. ಬಲಗಡೆಯೂ ಒಂದು ಸುಟ್ಟರಾಗದೇ ಎಂದು ಒಬ್ಬ ಹೆಂಗಸು ಕೇಳಿದಳು. ಪುಸ್ತಕದಲ್ಲಿ ಇರುವುದು ಒಂದೇ ಗುರುತು, ಎರಡಲ್ಲ, ಎಂದ ಡಿಮಕ್. ಬೇರೊಂದು ಕುರ್ಚಿ ನೋಡಿಟ್ಟಿದ್ದಾನಂತೆ, ತೋಳುಗಳು ಚೊಕ್ಕಟವಾಗಿವೆ, ಕಾದ ಕಬ್ಬಿಣದಿಂದ ಬಲಗಡೆ ಗುರುತು ಮಾಡಿದರಾಯಿತು. ಅದು ಎಲ್ಲರಿಗೂ ಸರಿ ಎನ್ನಿಸಿತು. ಕೈಗಳು ಎದ್ದವು. ಹಳದಿ ಚೀಟಿಯ ದಾರವನ್ನು ಡಿಮಕ್ ಎಡತೋಳಿಗೇ ಸುತ್ತಿ ಗಂಟು ಹಾಕಿದ.

ಆಮೇಲೆ ಓಕ್‌ಶಾಟ್ ಅವಳ ಕಡೆ ತಿರುಗಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಯಾರೊಡನೆ ಮಾತಾಡುವಾಗಲೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುವ ಅಭ್ಯಾಸ. "ಇದು ಪರದೆ ಅಲ್ಲ, ಬ್ರಷ್ಷಲ್ಲ. ಹನ್ನೊಂದು ವರ್ಷ ನಮ್ಮ ಹತ್ತಿರ ಇದ್ದ ಕುರ್ಚಿ. ಕೊಟ್ಟೋರಿಗೆ ವಾಪಸು ಕಳಿಸೋದು ಮರ್ಯಾದೆ. ನಾರ್ವಿಚ್ಚಿನ ಆ ಮನೆಯ ವಿಳಾಸ ನಿಮ್ಮ ಹತ್ತಿರ ಇದೆ ಅಲ್ವಾ ಮಿಸ್ ಟ್ರಾಂಟರ್?"

"ಅವರು ಯಾರೂ ಈಗ ಇಲ್ಲ ಸಾರ್," ಎಂದಳು ಹಿಲ್ಡಾ.

ಎಷ್ಟು ಸಲೀಸಾಗಿ ಬಂತು. ಇಲ್ಲದ ಮನೆತನವನ್ನು ಹುಟ್ಟಿಸಿದವಳೂ ತಾನೇ, ಈಗ ಕೊಂದವಳೂ ತಾನೇ. ಸತ್ತವರ ಗೌರವಕ್ಕೆ ಇಬ್ಬರು ಸದಸ್ಯರು ತಲೆ ಬಾಗಿಸಿದರು. ಹಾಗಾದರೆ ನಾಲ್ಕಕ್ಕೆ ಗಾಡಿಯವನಿಗೇ ಕೊಟ್ಟುಬಿಡೋಣ ಎಂದರು ಓಕ್‌ಶಾಟ್. ಅವನು ಚರ್ಮ ಕಿತ್ತು, ಕೂದಲು ಬೇರೆ ಮಾಡಿ, ಮರವನ್ನು ಸೌದೆಗೆ ಮಾರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಸದಸ್ಯರು ಮೇಲೆ ತಮ್ಮ ಬುತ್ತಿ ಬಿಚ್ಚಿಕೊಂಡರು. ಹಿಲ್ಡಾ ಕೆಳಗಿಳಿದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತಳು. ಟಿಕೇಟು ಕೊಡುವ ಬ್ರಿಡಿ ಅಲ್ಲೇ ಒಂದು ಸಣ್ಣ ಒಲೆಯ ಮೇಲೆ ಚಹಾ ಕಾಯಿಸುತ್ತಿದ್ದಳು. ಐರ್ಲೆಂಡಿನವಳು, ನಾಲ್ಕು ಮಕ್ಕಳನ್ನು ಬೆಳೆಸಿದವಳು, ಬಳಗದವರನ್ನು ಅವರ ಬೆನ್ನ ಹಿಂದೆ ಯೇಸುವಿನ ಹನ್ನೆರಡು ಶಿಷ್ಯರು ಎಂದು ಕರೆಯುವವಳು. ಹಿಲ್ಡಾ ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡದ್ದನ್ನು ಅವಳು ಕಂಡಳು. ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ಮುಂದಿಟ್ಟಳು, ಆಮೇಲೆ ಏಪ್ರನ್ನಿನ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಬಟ್ಟಲಿನ ಪಕ್ಕ ಇಟ್ಟಳು. ಪ್ರತಿ ಶುಕ್ರವಾರವೂ ಹೀಗೆ ಒಂದು ಪೆಪ್ಪರ್‌ಮಿಂಟ್ ಕೊಡುತ್ತಾಳೆ. ಹಿಲ್ಡಾ ಎಂದೂ ಎಲ್ಲಿಯದೆಂದು ಕೇಳಿದವಳಲ್ಲ.

"ತಿನ್ನೇ, ನಮ್ಮ ಗುರುವಾರದ ಯಜಮಾನ್ರು ಕೊಟ್ಟಿದ್ದು," ಎಂದಳು ಬ್ರಿಡಿ. "ಪಾಪ, ಮುಂದಿನ ವಾರ ಬಂದ್ರೆ ಕುರ್ಚಿ ಇರಲ್ಲ. ಅವರಿಗೆ ಏನಂತ ಹೇಳ್ಲಿ ನಾನು?"

ಗುರುವಾರ ಹಿಲ್ಡಾಳ ರಜೆ. ಯಾರು ಎಂದು ಕೇಳಿದಳು, ಕೇಳುವ ಆಸಕ್ತಿ ಏನೂ ಇಲ್ಲದೆ. ಅಯ್ಯೋ ನಿನಗೆ ಹೇಳಿಲ್ವಾ ಎಂದು ಬ್ರಿಡಿ ಶುರುಮಾಡಿದಳು. ಎಂಟೊಂಬತ್ತು ವರ್ಷದಿಂದ ಬರುತ್ತಾರಂತೆ. ಮೊದಲ ದಿನ ಟಿಕೇಟಿಗೆ ದುಡ್ಡು ಕೊಟ್ಟರು. ಮುಂದಿನ ವಾರ ಅವರ ಬೂಟು ನೋಡಿ ತನಗೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲವಂತೆ. ಅಂದಿನಿಂದ ಅವರು ಒಂದು ಪೆಪ್ಪರ್‌ಮಿಂಟ್ ಮೇಜಿನ ಮೇಲಿಟ್ಟು ಮೇಲೆ ಹೋಗುತ್ತಾರೆ. ಕೊಡೆ ನೋಡುವುದಿಲ್ಲ, ಪಂಜರ ನೋಡುವುದಿಲ್ಲ. ಹಗ್ಗದ ಈಚೆ, ಕುರ್ಚಿಯ ಎದುರಿಗೆ, ಒಂದು ಗಂಟೆ ನಿಲ್ಲುತ್ತಾರೆ.

"ನನ್ನ ಸ್ಟೂಲು ಕೊಡ್ತೀನಿ ಕೂತ್ಕೊಳ್ಳಿ ಅಂದೆ. ಬೇಡಮ್ಮ, ನಿಂತು ಅಭ್ಯಾಸ ಇದೆ ಅಂದ್ರು. ನಿಲ್ಲೋದು ನೋಡ್ಬೇಕು ನೀನು, ಕಾಲು ಅಗಲಿಸಿಕೊಂಡು, ಕೆಳಗಡೆ ನೆಲ ಓಡ್ತಾ ಇದೆಯೇನೋ ಅನ್ನೋ ಹಾಗೆ. ನಿನ್ನೆ ಏನು ಕೇಳಿದ್ರು ಗೊತ್ತಾ? ಯಾರೂ ಕೂರದಿದ್ರೆ ಚರ್ಮ ಬಿರಿಯುತ್ತಮ್ಮ, ಆ ಕೋಣೆ ನೋಡ್ಕೊಳ್ಳೋ ಹುಡುಗಿಗೆ ಎಡತೋಳಿಗೆ ಚೂರು ಎಣ್ಣೆ ಹಚ್ಚೋಕೆ ಹೇಳು ಅಂತ. ಹುಡುಗಿ ಅಂತೆ, ನೀನು." ಬ್ರಿಡಿ ನಕ್ಕಳು. ಹಿಲ್ಡಾಳಿಗೆ ಐವತ್ತನಾಲ್ಕು.

ಗುರುವಾರ ಅಪ್ಪ ಪಿಂಚಣಿದಾರರ ಕ್ಲಬ್ಬಿಗೆ ಹೋಗುತ್ತೇನೆಂದು ಹೊರಡುತ್ತಿದ್ದ. ಅವನು ಹೊರಗೆ ಹೋದರೆ ಬಟ್ಟೆ ಒಗೆಯಲು ಅನುಕೂಲವೆಂದು ಅವಳಿಗೆ ಸಮಾಧಾನವೇ ಇತ್ತು. ಸಂಜೆ ಬಂದವನ ಕಾಲು ಊದಿರುತ್ತಿತ್ತು. ಬೋಗುಣಿಯಲ್ಲಿ ಬಿಸಿನೀರು, ಉಪ್ಪು; ಅವಳೇ ಸುರಿಯುತ್ತಿದ್ದಳು. ಕೂತು ಚಹಾ ಕುಡಿಯೋ ಕ್ಲಬ್ಬಿಗೆ ಹೋಗಿ ಕಾಲು ಹೀಗ್ಯಾಕೆ ಅಪ್ಪ ಎಂದು ಒಮ್ಮೆ ಗೊಣಗಿದ್ದಳು. ವಯಸ್ಸಾಯಿತಲ್ಲ ಎಂದಿದ್ದ. ನಿನ್ನೆಯೂ ನೀರು ಸುರಿದದ್ದು ಅವಳೇ. ಬಟ್ಟಲಿನ ಪಕ್ಕದಲ್ಲಿದ್ದ ಪೆಪ್ಪರ್‌ಮಿಂಟನ್ನು ಅವಳು ನೋಡಿದಳು. ಎಂಟೊಂಬತ್ತು ವರ್ಷಗಳ ಶುಕ್ರವಾರಗಳು ಒಟ್ಟಿಗೆ ಬಾಯಲ್ಲಿ ತಣ್ಣಗೆ ಕರಗಿದಂತಾಯಿತು. ಅವಳು ಕೆಲಸ ಮಾಡುವ ಕೋಣೆ ನೋಡಲೆಂದು ಒಮ್ಮೆ ಬಂದು ಕುರ್ಚಿಯನ್ನು ಕಂಡಿರಬೇಕು. ಎಲ್ಲ ಗೊತ್ತಿದ್ದೂ ಪ್ರತಿ ಸಂಜೆ, ಇವತ್ತು ಜನ ಜಾಸ್ತಿ ಬಂದಿದ್ದರಾ ಮಗೂ ಎಂದು ಕೇಳುತ್ತಿದ್ದನಲ್ಲ. ಒಂದು ಮಾತು ಅಂದಿದ್ದರೆ ಅವಳ ಕೀಲಿಕೈ ಹೋಗುತ್ತಿತ್ತು. ಅದಕ್ಕೇ ಅನ್ನಲಿಲ್ಲ. ಅಥವಾ ಅವಳ ಬಾಯಿಂದಲೇ ಬರಲಿ ಎಂದು ಕಾದನೇ? ಹಗ್ಗದ ಈಚೆ ನಿಂತು, ನಿಲ್ದಾಣ ಬರಲಿ ಎಂದು ಕಾಯುವವನ ಹಾಗೆ?

ಮೆಟ್ಟಿಲು ಹತ್ತುವಾಗ ಅವಳಿಗೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಸದಸ್ಯರಲ್ಲಿ ಹಲವರು ಹೊರಟುಹೋಗಿದ್ದರು. ಓಕ್‌ಶಾಟ್ ಪಟ್ಟಿಗೆ ರುಜು ಹಾಕುತ್ತಿದ್ದರು, ಡಿಮಕ್ ಕುರ್ಚಿ ಇದ್ದ ಜಾಗವನ್ನು ಅಳೆಯುತ್ತಿದ್ದ.

"ಆ ಕುರ್ಚಿ ನಮ್ಮ ಅಪ್ಪಂದು," ಎಂದಳು. ತನ್ನ ದನಿ ಯಾರದೋ ದನಿಯಂತೆ ಕೇಳಿಸಿತು. "ನಾರ್ವಿಚ್ಚಿನಲ್ಲಿ ಯಾವ ವಕೀಲರೂ ಇರಲಿಲ್ಲ. ಅದು ನಾನೇ ಬರೆದದ್ದು. ನಮ್ಮಪ್ಪ ಬಸ್ ಕಂಡಕ್ಟರ್. ಅವರನ್ನ ಕೇಳದೇ ತಂದೆ."

ಓಕ್‌ಶಾಟ್ ಕನ್ನಡಕ ತೆಗೆದರು. ಇಪ್ಪತ್ತಮೂರು ಪುಸ್ತಕ ಬಾಯಿಪಾಠ ಇರುವ ಹನ್ನೆರಡು ಜನ ಹನ್ನೊಂದು ವರ್ಷ ಅದರ ಸುತ್ತ ನಿಂತರೂ ಇದು ಗೊತ್ತಾಗಲಿಲ್ಲವಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅದರಲ್ಲಿ ಕೋಪ ಇದ್ದಿದ್ದರೆ ಹಿಲ್ಡಾಳಿಗೆ ಹಗುರಾಗುತ್ತಿತ್ತು, ಇದ್ದದ್ದು ನೋವು. ತಮ್ಮ ಕೋಣೆಗೆ ಬಂದ ಪ್ರತಿ ಅತಿಥಿಗೂ ಅವರು ಆಂಬ್ರಿ ಮನೆತನದ ಬಗ್ಗೆ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ಸಮಿತಿ ಸೇರುವ ತನಕ ಕೀಲಿಕೈ ತಮ್ಮ ಬಳಿ ಇರಲಿ ಎಂದರು. ಅವಳು ಗೊಂಚಲನ್ನು ಲಿಸ್ಕನ ಮೇಜಿನ ಮೇಲೆ, ಅರ್ಧ ಬಟ್ಟಲು ಚಹಾದ ಪಕ್ಕ ಇಟ್ಟಳು. ಇಟ್ಟ ಮೇಲೂ ಕೈ ಅಲ್ಲೇ ಇತ್ತು.

ಡಿಮಕ್ ಅಳತೆಯ ಪಟ್ಟಿ ಹಿಡಿದುಕೊಂಡು ಎದ್ದು ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು, ಕೇಳಬಾರದೆಂದು ಗೊತ್ತಿದ್ದೂ ತಡೆಯಲಾಗದವನ ಹಾಗೆ ಕೇಳಿದ, "ಹಾಗಾದ್ರೆ ಎಡತೋಳು ಹೇಗೆ ಸುಟ್ಟಿತು?"

ಅವಳು ಹೇಳಿದಳು. ದಡಾರ, ಕಿಟಕಿಗೆ ಕಟ್ಟಿದ ಕಂಬಳಿ, ಬಲತೋಳಿನಲ್ಲಿ ಮಲಗಿದ ತಾನು. ಯಾರಿಗೂ ಹೇಳದಿದ್ದದ್ದನ್ನು ಈ ಮನುಷ್ಯನಿಗೆ ಹೇಳುತ್ತಿದ್ದೇನಲ್ಲ ಎಂದು ನಡುವೆ ಒಮ್ಮೆ ಅನ್ನಿಸಿತು. ಡಿಮಕ್‌ನ ಪೆನ್ಸಿಲ್ಲು ಕಿವಿಯ ಹಿಂದೆಯೇ ಉಳಿಯಿತು. ಅವನು ಬಗ್ಗಿ ಹಳದಿ ಚೀಟಿಯ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. ಗಂಟು ಬಿಗಿಯಾಗಿತ್ತು, ಹಾಕಿದವನು ಅವನೇ. ಆಮೇಲೆ ಕತ್ತಿನ ಹಸಿರು ಮಫ್ಲರ್ ತೆಗೆದು, ಮೆಟ್ಟಿಲ ಕಂಬಿಗೆ ಉಜ್ಜದಂತೆ ಎಡತೋಳಿಗೆ ಸುತ್ತಿದ. ಕುರ್ಚಿಯನ್ನು ಕೆಳಗಿಳಿಸಲು ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆಗೆ, ಬೇಡ ಎಂದರೂ ಕೇಳದೆ, ಓಕ್‌ಶಾಟ್ ಕೈ ಹಾಕಿದರು. ತಿರುವಿನಲ್ಲಿ ಮುದುಕರ ಉಸಿರು ಏರಿ ನಿಲ್ಲಬೇಕಾಯಿತು. ಬ್ರಿಡಿ ಕೆಳಗಿನಿಂದ ನೋಡುತ್ತಿದ್ದವಳು ಹಿಲ್ಡಾಳ ಮುಖ ನೋಡಿದಳು, ಏನೋ ಹೊಳೆದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಾಲ್ಕಕ್ಕೆ ಗಾಡಿ ಬಂತು. ಒಡೆಯಲಿಕ್ಕಲ್ಲ, ಕೆನ್ನಿಂಗ್ಟನ್ನಿನ ಮನೆಗೆ ಸಾಗಿಸಲಿಕ್ಕೆ ಎಂದು ಗಾಡಿಯವನನ್ನು ಒಪ್ಪಿಸಿ ಅವಳೂ ಹತ್ತಿದಳು. ಕಬ್ಬಿಣದ ಮಂಚ, ಒಡೆದ ಬೋಗುಣಿ, ಹಳೆಯ ಗೋಣಿಚೀಲಗಳ ನಡುವೆ ಕುರ್ಚಿ, ಅದರ ಬೆನ್ನು ಹಿಡಿದು ನಿಂತ ಹಿಲ್ಡಾ. ಸೇತುವೆಯ ಮೇಲೆ ಗಾಳಿ ಹೆಚ್ಚಾಯಿತು. ಕೆಳಗೆ ನದಿ ಬೂದಿ ಬಣ್ಣಕ್ಕಿತ್ತು, ಪಕ್ಕದಲ್ಲಿ ಕೆಂಪು ಬಸ್ಸುಗಳು ಹಾದುಹೋಗುತ್ತಿದ್ದವು, ಒಂದೊಂದರ ಹಿಂದಿನ ಮೆಟ್ಟಿಲ ಮೇಲೂ ಒಬ್ಬ ನಿಂತಿದ್ದ.

"ಕೂತ್ಕೊಳ್ಳಿ ತಾಯಿ," ಎಂದ ಗಾಡಿಯವನು ಹಿಂತಿರುಗಿ. "ರಾಣಿಯಮ್ಮನಿಗೂ ಇಂಥ ಸವಾರಿ ಇಲ್ಲ. ಕುರ್ಚಿ ಖಾಲಿ ಇಟ್ಕೊಂಡು ನಿಂತ್ಕೊಂಡಿದೀರಲ್ಲ."

ಪರವಾಗಿಲ್ಲ ಎಂದಳು. ಗಾಡಿ ಅಲುಗಿದಾಗ ಬೀಳದಿರಲು ಕಾಲು ಅಗಲಿಸಿ ನಿಲ್ಲಬೇಕೆಂದು ಕಾಲುಗಳೇ ಕಂಡುಕೊಂಡವು.

ಅಪ್ಪ ಅಡಿಗೆಮನೆಯ ಕುರ್ಚಿಯಲ್ಲಿ ದಿಂಬಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಗಾಡಿಯವನು ಕುರ್ಚಿಯನ್ನು ಬೆಂಕಿಗೂಡಿನ ಪಕ್ಕ ಇಳಿಸಿ ಹೋದ. ಬಾಗಿಲು ಮುಚ್ಚಿಕೊಂಡಿತು. ಅಪ್ಪ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಮೇಜು ಹಿಡಿದು ಮೆಲ್ಲಗೆ ಎದ್ದ. ಅವನು ಮೊದಲು ಮುಟ್ಟಿದ್ದು ಹಸಿರು ಮಫ್ಲರನ್ನು. ಅದನ್ನು ಬಿಚ್ಚಿ, ಮಡಿಸಿ, ಯಾರದೋ ಒಳ್ಳೆಯ ಉಣ್ಣೆ, ವಾಪಸು ಕೊಡಬೇಕು ಎಂದ. ಆಮೇಲೆ ಹೆಬ್ಬೆರಳನ್ನು ಸುಟ್ಟ ಗುರುತಿನ ಮೇಲೆ ಇಟ್ಟ. ಅದು ಅಲ್ಲಿ ಸರಿಯಾಗಿ ಕೂತಿತು.

"ಅಪ್ಪ, ಇದಕ್ಕೆ ಹುಳ ಬಿದ್ದಿರಲಿಲ್ಲ."

"ಕಾಲು ನಾಲ್ಕೂ ಗಟ್ಟಿಯಾಗಿತ್ತು ಅಂತ ಆವತ್ತೇ ಹೇಳಿದ್ನಲ್ಲ."

ಅವಳು ಕಾದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಹೇಳಲು ಗಾಡಿಯಲ್ಲಿ ಬರುತ್ತ ಎಲ್ಲ ಜೋಡಿಸಿಟ್ಟುಕೊಂಡಿದ್ದಳು. ಕಂಡಕ್ಟರ್ ಎಂದು ಬರೆಯಲಾರದೆ ನಿಂತ ಪೆನ್ನಿನ ಬಗ್ಗೆಯೂ, ಅದೇ ಎಲ್ಲಕ್ಕಿಂತ ಕಷ್ಟದ್ದು, ಹೇಳಬೇಕೆಂದಿದ್ದಳು. ಅವನು ಕೇಳಲಿಲ್ಲ. ಚರ್ಮ ಒಣಗಿದೆ, ಎಣ್ಣೆ ಹಚ್ಚಬೇಕು ಎಂದ. ನಿನ್ನ ಕೆಲಸ ಏನಾಗುತ್ತೆ, ಎಂದ. ಗೊತ್ತಿಲ್ಲ ಅಪ್ಪ ಎಂದಳು. ಅವನು ತಲೆಯಾಡಿಸಿದ. ಇಬ್ಬರೂ ಕುರ್ಚಿಯ ಎರಡು ಕಡೆ ನಿಂತಿದ್ದರು, ನಡುವೆ ಹಗ್ಗ ಇನ್ನೂ ಇದ್ದ ಹಾಗೆ.

"ಕೂತ್ಕೊಳ್ಳಿ ಅಪ್ಪ," ಎಂದಳು ಹಿಲ್ಡಾ.

"ನೀನು ಕೂತ್ಕೋ ಮಗೂ. ಬೆಳಿಗ್ಗೆಯಿಂದ ನಿಂತಿದೀಯ."

ಬೇಡ ಎನ್ನಲು ಬಾಯಿ ತೆರೆದಳು. ಅವನ ಕೈ ಆಗಲೇ ಅವಳ ಹೆಗಲ ಮೇಲಿತ್ತು, ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ವಯಸ್ಸಾದವರಿಗೆ ಜಾಗ ಮಾಡಿಕೊಡುವವನ ಕೈ. ಅವಳು ಕೂತಳು. ಹನ್ನೊಂದು ವರ್ಷ ಯಾರೂ ಕೂರದ ಚರ್ಮ ತಣ್ಣಗೆ, ಬಿಗಿಯಾಗಿ, ಅವಳನ್ನು ಗುರುತು ಹಿಡಿಯದಂತೆ ಇತ್ತು. ಅಪ್ಪ ಎದುರಿಗೆ, ಒಂದು ಕೈಯಲ್ಲಿ ಬೆಂಕಿಗೂಡಿನ ಅಂಚು ಹಿಡಿದು, ಊದಿದ ಕಾಲುಗಳನ್ನು ಸ್ವಲ್ಪ ಅಗಲಿಸಿ, ನಿಂತೇ ಇದ್ದ.